ಗಾಳಿ ಯಾಕೆ ನೇರವಾಗಿ ಬೀಸುವುದಿಲ್ಲ? ವೇಗ, ದಿಕ್ಕು ಮತ್ತು ಅವುಗಳ ಹಿಂದಿನ ಬಲಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯಲ್ಲಿ ಎಲ್ಲರೂ ಕಲಿತ ಸಾಲು ಒಂದಿದೆ: ಗಾಳಿ ಹೆಚ್ಚು ಒತ್ತಡದ ಕಡೆಯಿಂದ ಕಡಿಮೆ ಒತ್ತಡದ ಕಡೆಗೆ ಬೀಸುತ್ತದೆ. ಸಾಲು ತಪ್ಪಲ್ಲ. ಆದರೆ ಒಂದು ಹವಾಮಾನ ನಕ್ಷೆ ತೆಗೆದು ನೋಡಿ. ಗಾಳಿಯ ಬಾಣಗಳು ಹಾಗೆ ನೇರವಾಗಿ ಹೋಗುವುದು ಎಲ್ಲೂ ಕಾಣುವುದಿಲ್ಲ. ಕಡಿಮೆ ಒತ್ತಡದ ಜಾಗವನ್ನು ಸುತ್ತು ಹಾಕುತ್ತಾ, ಓರೆಯಾಗಿ, ಒಮ್ಮೊಮ್ಮೆ ಪೂರ್ತಿ ಅಡ್ಡಡ್ಡವಾಗಿ ಹರಿಯುತ್ತಿರುತ್ತವೆ. ಮೊದಲ ಸಲ ನಕ್ಷೆ ಓದಲು ಕೂತಾಗ ಬಾಣಗಳನ್ನೇ ತಪ್ಪಾಗಿ ಹಾಕಿದ್ದಾರೆ ಅಂದುಕೊಂಡಿದ್ದೆ. ಇಲ್ಲಿರುವ ಬಹುಪಾಲು ಪ್ರಶ್ನೆಗಳು ಆ ಗೊಂದಲದಿಂದಲೇ ಹುಟ್ಟಿದವು.

ಗಾಳಿ ಬೀಸಲು ಎಷ್ಟು ಬಲಗಳು ಬೇಕು?

ಹೊರಡಿಸಲು ಒಂದೇ ಸಾಕು. ಅದು ಒತ್ತಡದ ವ್ಯತ್ಯಾಸ. ನಿಂತ ಗಾಳಿಯನ್ನು ಪಕ್ಕಕ್ಕೆ ತಳ್ಳಿ ಎಬ್ಬಿಸುವ ತಾಕತ್ತು ಇರುವುದು ಅದಕ್ಕೆ.

ಉಳಿದವರೆಲ್ಲ ಆಮೇಲೆ ಬಂದು ಸೇರಿಕೊಳ್ಳುವವರು. ಭೂಮಿ ತಿರುಗುವುದರಿಂದ ಬರುವ ಕೊರಿಯೊಲಿಸ್ ಬಲ ಚಲಿಸುತ್ತಿರುವ ಗಾಳಿಯ ದಾರಿಯನ್ನು ಬಾಗಿಸುತ್ತದೆ. ನಿಂತ ಗಾಳಿಗೆ ಅದು ಏನೂ ಮಾಡುವುದಿಲ್ಲ. ನೆಲದ ಘರ್ಷಣೆ ವೇಗ ತಗ್ಗಿಸುತ್ತದೆ. ಗಾಳಿ ಸುತ್ತು ಹೊಡೆಯುತ್ತಿದ್ದರೆ ಆ ತಿರುವಿನ ಲೆಕ್ಕವನ್ನೂ ಸೇರಿಸಬೇಕು. ಗುರುತ್ವ ಕೆಳಕ್ಕೆ ಎಳೆಯುತ್ತದೆ. ಸಮತಟ್ಟು ಜಾಗದಲ್ಲಿ ಅದರ ಕೆಲಸ ಕಣ್ಣಿಗೆ ಬೀಳುವುದಿಲ್ಲ, ಇಳಿಜಾರಿನಲ್ಲಿ ಬೀಳುತ್ತದೆ.

ಮುಖಕ್ಕೆ ತಾಗುವ ಗಾಳಿ ಇವರೆಲ್ಲರ ಹಗ್ಗಜಗ್ಗಾಟದ ಫಲಿತಾಂಶ. ಹೊರಡಿಸಿದವನು ಒಬ್ಬ, ದಾರಿ ತಿರುಗಿಸಿದವನು ಇನ್ನೊಬ್ಬ. ಇದೊಂದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಗಾಳಿಗೆ ಒತ್ತಡ ಬರುವುದು ಎಲ್ಲಿಂದ?

ಅದರ ತೂಕದಿಂದ. ಒಂದು ಚದರ ಮೀಟರ್ ನೆಲದ ಮೇಲೆ ಆಕಾಶದ ತುದಿಯವರೆಗೆ ನಿಂತಿರುವ ಗಾಳಿ ಸುಮಾರು 10 ಟನ್ ತೂಗುತ್ತದೆ. ಇಟಲಿಯ ಟೊರಿಸೆಲ್ಲಿ 1640ರ ದಶಕದಲ್ಲಿ ಪಾದರಸ ತುಂಬಿದ ಕೊಳವೆಯನ್ನು ಬೋರಲು ಹಾಕಿ ತೋರಿಸಿದ್ದು ಇದನ್ನೇ. ಸುಮಾರು 76 ಸೆಂಟಿಮೀಟರ್ ಎತ್ತರದ ಪಾದರಸವನ್ನು ಹೊರಗಿನ ಗಾಳಿಯ ಭಾರ ಎತ್ತಿ ಹಿಡಿಯುತ್ತದೆ.

ಈಗ ಒತ್ತಡವನ್ನು ಹೆಕ್ಟೊಪ್ಯಾಸ್ಕಲ್‌ನಲ್ಲಿ ಹೇಳುತ್ತಾರೆ. ಹಳೆಯ ಮಿಲಿಬಾರ್ ಕೂಡ ಅದೇ ಅಳತೆ. ಸಮುದ್ರ ಮಟ್ಟದ ಪ್ರಮಾಣಿತ ಒತ್ತಡ 1013.25. ತುಂಬಾ ಎತ್ತರವಲ್ಲದ ಜಾಗಗಳಲ್ಲಿ ದಾಖಲಾದ ಅತಿ ಹೆಚ್ಚು ಒತ್ತಡ ಸೈಬೀರಿಯಾದ ಚಳಿಗಾಲದ್ದು, 1968ರ ಡಿಸೆಂಬರ್ 31ರಂದು ಸುಮಾರು 1083. ಅತಿ ಕಡಿಮೆ 870, 1979ರಲ್ಲಿ ಪೆಸಿಫಿಕ್ ಸಾಗರದ ಟಿಪ್ ಚಂಡಮಾರುತದ ಕಣ್ಣಿನಲ್ಲಿ. ಅಂದರೆ ಎರಡು ತುದಿಗಳ ನಡುವಿನ ಅಂತರ ಐದನೇ ಒಂದು ಭಾಗದಷ್ಟು ಮಾತ್ರ. ಎಲೆ ಅಲುಗಿಸುವ ಗಾಳಿಯಿಂದ ಹಿಡಿದು ಮನೆ ಉರುಳಿಸುವ ಬಿರುಗಾಳಿಯವರೆಗೆ ಎಲ್ಲ ಆಟ ನಡೆಯುವುದು ಇಷ್ಟರಲ್ಲೇ.

‘ಬಿಸಿ ಗಾಳಿ ಮೇಲೇರುತ್ತದೆ, ಖಾಲಿ ಜಾಗ ತುಂಬಲು ತಂಪು ಗಾಳಿ ಬರುತ್ತದೆ’. ಇದು ಸರೀನಾ?

ಅರ್ಧ ಸರಿ. ‘ಖಾಲಿ ಜಾಗ’ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಅಲ್ಲಿ ಯಾವತ್ತೂ ಜಾಗ ಖಾಲಿಯಾಗುವುದಿಲ್ಲ.

ಕಡಲ ತೀರದ ಒಂದು ಬಿಸಿಲಿನ ದಿನ ತೆಗೆದುಕೊಳ್ಳಿ. ನೆಲ ಬೇಗ ಕಾಯುತ್ತದೆ. ನೀರು ನಿಧಾನ, ಯಾಕೆಂದರೆ ಅದರ ಶಾಖ ಆಳಕ್ಕೆ ಬೆರೆತುಹೋಗುತ್ತದೆ, ಒಂದಷ್ಟು ಆವಿಯಾಗುವುದಕ್ಕೂ ಖರ್ಚಾಗುತ್ತದೆ. ನೆಲದ ಮೇಲಿನ ಗಾಳಿಯ ಕಂಬ ಕಾದು ಉಬ್ಬುತ್ತದೆ, ಉದ್ದವಾಗುತ್ತದೆ. ಹಾಗಾಗಿ ಕೆಲವು ನೂರು ಮೀಟರ್ ಮೇಲೆ ಹೋದರೆ, ಅದೇ ಎತ್ತರದಲ್ಲಿ ಕಡಲ ಮೇಲಿರುವುದಕ್ಕಿಂತ ನೆಲದ ಮೇಲೆ ಒತ್ತಡ ಚೂರು ಜಾಸ್ತಿ. ಅಲ್ಲಿ ಗಾಳಿ ಕಡಲ ಕಡೆಗೆ ಚೆಲ್ಲುತ್ತದೆ. ಚೆಲ್ಲಿದ ಮೇಲೆ ನೆಲದ ಕಂಬದ ತೂಕ ಇಳಿಯಿತು, ಕಡಲ ಕಂಬದ ತೂಕ ಏರಿತು. ಈಗ ಕೆಳಗೆ ಕಡಲಿನಿಂದ ನೆಲದ ಕಡೆಗೆ ತಳ್ಳಾಟ ಶುರು. ಅದೇ ಕಡಲ ಗಾಳಿ.

ನೋಡಿ, ಕಡಲ ಗಾಳಿಗೆ ಒಂದೆರಡು ಹೆಕ್ಟೊಪ್ಯಾಸ್ಕಲ್ ವ್ಯತ್ಯಾಸ ಸಾಕು. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಎಲ್ಲವೂ ತಿರುಗುಮುರುಗು. ಆದರೆ ನೆಲಗಾಳಿ ಸಾಮಾನ್ಯವಾಗಿ ಕಡಲ ಗಾಳಿಯಷ್ಟು ಜೋರಿರುವುದಿಲ್ಲ, ರಾತ್ರಿಯ ತಾಪದ ಅಂತರ ಹಗಲಿನಷ್ಟು ದೊಡ್ಡದಲ್ಲ.

ಮೇಲೆ ಹೋದಂತೆ ಒತ್ತಡ ಬೇಗ ಇಳಿಯುತ್ತದೆ ಅಲ್ವಾ? ಹಾಗಾದರೆ ಗಾಳಿ ಮೇಲಕ್ಕೇ ಯಾಕೆ ಬೀಸುವುದಿಲ್ಲ?

ಒಳ್ಳೆಯ ಪ್ರಶ್ನೆ. ನೆಲದ ಹತ್ತಿರ ಸುಮಾರು 8 ಮೀಟರ್ ಮೇಲೇರಿದರೆ 1 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಅಡ್ಡಡ್ಡ ಅಷ್ಟೇ ವ್ಯತ್ಯಾಸ ಸಿಗಲು ಎಷ್ಟೋ ಸಲ 50, 100 ಕಿ.ಮೀ. ಹೋಗಬೇಕು. ಅಂದರೆ ಮೇಲ್ಮುಖದ ತಳ್ಳಾಟ ಸಾವಿರಾರು ಪಟ್ಟು ದೊಡ್ಡದು. ಆದರೆ ಅದನ್ನು ಗುರುತ್ವ ಸರಿಸಮ ತೂಗಿ ಹಿಡಿದಿದೆ. ಅಡ್ಡಡ್ಡ ಬಲಕ್ಕೆ ಹಾಗೆ ತಡೆಯುವ ಗುರುತ್ವ ಇಲ್ಲ, ಅದಕ್ಕೇ ಆ ಪುಟ್ಟ ಬಲ ಗೆಲ್ಲುತ್ತದೆ.

ನಕ್ಷೆಯಲ್ಲಿ ಗೆರೆಗಳು ಒತ್ತಾಗಿದ್ದರೆ ಗಾಳಿ ಜೋರು ಅನ್ನುತ್ತಾರೆ. ಎಷ್ಟು ಜೋರು?

ಒಂದೇ ಒತ್ತಡ ಇರುವ ಜಾಗಗಳನ್ನು ಸೇರಿಸಿ ಎಳೆದ ಗೆರೆಗಳಿಗೆ ಸಮಭಾರ ರೇಖೆ ಅನ್ನುತ್ತಾರೆ. ಬಹಳಷ್ಟು ನಕ್ಷೆಗಳಲ್ಲಿ 4 ಹೆಕ್ಟೊಪ್ಯಾಸ್ಕಲ್‌ಗೆ ಒಂದು ಗೆರೆ. ಬೆಟ್ಟದ ನಕ್ಷೆಯಲ್ಲಿ ಗೆರೆಗಳು ಒತ್ತಾಗಿದ್ದರೆ ಕಡಿದಾದ ಏರು ಅನ್ನುತ್ತೇವಲ್ಲ, ಇಲ್ಲೂ ಹಾಗೆಯೇ. ಇದು ಒತ್ತಡದ ಇಳಿಜಾರು.

ಒಂದು ಲೆಕ್ಕ ಮಾಡಿಯೇ ನೋಡೋಣ. ಎರಡು ಗೆರೆಗಳ ನಡುವೆ 300 ಕಿ.ಮೀ. ಇದೆ ಅನ್ನಿ. 4 ಹೆಕ್ಟೊಪ್ಯಾಸ್ಕಲ್ ಅಂದರೆ 400 ಪ್ಯಾಸ್ಕಲ್. ಅದನ್ನು 3,00,000 ಮೀಟರ್‌ನಿಂದ ಭಾಗಿಸಿ. ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕೆ.ಜಿ., ಅದರಿಂದ ಇನ್ನೊಮ್ಮೆ ಭಾಗಿಸಿ. ಸಿಗುವ ಉತ್ತರ 0.0011. ಅಂದರೆ ಪ್ರತಿ ಸೆಕೆಂಡಿಗೆ ಗಾಳಿಯ ವೇಗ ಸೆಕೆಂಡಿಗೆ ಒಂದು ಮಿಲಿಮೀಟರ್‌ನಷ್ಟು ಏರುತ್ತದೆ. ಇರುವೆ ನಡಿಗೆಗಿಂತ ಕಡೆ.

ಆದರೆ ಅದು ಬಿಡದೆ ತಳ್ಳುತ್ತದೆ. ಒಂದು ಗಂಟೆ ಕಳೆದರೆ ಸೆಕೆಂಡಿಗೆ 4 ಮೀಟರ್. ತಡೆಯುವವರೇ ಇಲ್ಲದಿದ್ದರೆ, ಒಂದು ದಿನ ಕಳೆಯುವಷ್ಟರಲ್ಲಿ ಗಂಟೆಗೆ 340 ಕಿ.ಮೀ. ದಾಟುತ್ತದೆ! ಹಾಗೆ ಆಗುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಅಂದಮೇಲೆ ಯಾರೋ ಅಡ್ಡ ಬರುತ್ತಿದ್ದಾರೆ.

ಯಾರು ಅಡ್ಡ ಬರುವುದು? ಕೊರಿಯೊಲಿಸ್ ಅಂದರೇನು?

ಒಂದು ಕಾಗದವನ್ನು ದುಂಡಗೆ ಕತ್ತರಿಸಿ. ಅದನ್ನು ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಯಾರಾದರೂ ನಿಧಾನವಾಗಿ ತಿರುಗಿಸುತ್ತಿರಲಿ. ನೀವು ಸ್ಕೇಲ್ ಹಿಡಿದು ನಡುವಿನಿಂದ ಅಂಚಿಗೆ ಪೆನ್ನಿನಲ್ಲಿ ನೇರವಾಗಿ ಗೆರೆ ಎಳೆಯಿರಿ. ಕೈ ನೇರವಾಗಿಯೇ ಹೋಗುತ್ತದೆ. ಕಾಗದದ ಮೇಲೆ ಮಾತ್ರ ಗೆರೆ ಬಲಕ್ಕೆ ಬಾಗಿರುತ್ತದೆ. ಆ ಕಾಗದದ ಮೇಲೆ ಕೂತ ಇರುವೆಗೆ ಪೆನ್ನನ್ನು ಯಾವುದೋ ಬಲ ಬಲಕ್ಕೆ ಎಳೆದಂತೆಯೇ ಕಾಣುತ್ತದೆ. ನಾವು ಆ ಇರುವೆ.

ಉತ್ತರ ಧ್ರುವದ ಮೇಲಿನಿಂದ ನೋಡಿದರೆ ಭೂಮಿ ತಿರುಗುವುದು ಗಡಿಯಾರದ ವಿರುದ್ಧ ದಿಕ್ಕಿಗೆ. ಅದಕ್ಕೆ ಉತ್ತರಾರ್ಧ ಗೋಳದಲ್ಲಿ ಗಾಳಿ ತಾನು ಹೋಗುವ ದಿಕ್ಕಿನ ಬಲಕ್ಕೆ ಹೊರಳುತ್ತದೆ, ದಕ್ಷಿಣಾರ್ಧದಲ್ಲಿ ಎಡಕ್ಕೆ. ಫ್ರಾನ್ಸಿನ ಗಾಸ್ಪಾರ್ ಗುಸ್ತಾವ್ ಕೊರಿಯೊಲಿಸ್ ಇದರ ಗಣಿತವನ್ನು 1835ರಲ್ಲಿ ಬರೆದ. ತಮಾಷೆ ಅಂದರೆ, ಅವನ ತಲೆಯಲ್ಲಿ ಇದ್ದದ್ದು ಗಾಳಿ ಅಲ್ಲ, ತಿರುಗುವ ಯಂತ್ರಗಳು.

ಮೂರು ಸಂಗತಿ ನೆನಪಿರಲಿ. ಗಾಳಿ ಎಷ್ಟು ವೇಗವೋ ಈ ಬಲವೂ ಅಷ್ಟು ಜಾಸ್ತಿ. ಧ್ರುವದಲ್ಲಿ ಅತಿ ಹೆಚ್ಚು, ಸಮಭಾಜಕ ವೃತ್ತದಲ್ಲಿ ಸೊನ್ನೆ. ಮತ್ತೆ ಇದು ಯಾವಾಗಲೂ ಗಾಳಿಯ ದಾರಿಗೆ ಲಂಬವಾಗಿ ಎಳೆಯುವುದರಿಂದ ದಿಕ್ಕನ್ನಷ್ಟೇ ಬದಲಿಸುತ್ತದೆ, ವೇಗವನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ.

ಬಲಕ್ಕೆ ಹೊರಳುತ್ತಾ ಹೋದರೆ ಗಾಳಿ ಕೊನೆಗೆ ಎಲ್ಲಿ ನಿಲ್ಲುತ್ತದೆ?

ಸಮಭಾರ ರೇಖೆಗೆ ಸಮಾಂತರವಾಗಿ. ಉತ್ತರಾರ್ಧ ಗೋಳದಲ್ಲೇ ಇದ್ದೇವೆ ಅಂದುಕೊಳ್ಳಿ. ಗಾಳಿ ಕಡಿಮೆ ಒತ್ತಡದ ಕಡೆಗೆ ಹೊರಡುತ್ತದೆ. ವೇಗ ಬಂದಂತೆ ಬಲಕ್ಕೆ ಎಳೆತ ಜಾಸ್ತಿಯಾಗುತ್ತದೆ. ಇನ್ನೂ ವೇಗ, ಇನ್ನೂ ಎಳೆತ. ಕಡೆಗೆ ಅದು ಪೂರ್ತಿ ಹೊರಳಿ, ಎಡಗಡೆ ಕಡಿಮೆ ಒತ್ತಡ, ಬಲಗಡೆ ಹೆಚ್ಚು ಒತ್ತಡ ಇಟ್ಟುಕೊಂಡು ಓಡತೊಡಗುತ್ತದೆ. ಆಗ ಒತ್ತಡದ ಬಲ ಎಡಕ್ಕೆ, ಕೊರಿಯೊಲಿಸ್ ಬಲ ಬಲಕ್ಕೆ. ಎರಡೂ ಸಮ. ಮುಂದೆ ವೇಗ ಏರುವುದಿಲ್ಲ.

ನಮ್ಮ 300 ಕಿ.ಮೀ. ಲೆಕ್ಕಕ್ಕೆ ವಾಪಸ್ ಬರೋಣ. 30 ಡಿಗ್ರಿ ಅಕ್ಷಾಂಶದಲ್ಲಿ ಈ ಸಮತೋಲ ಸಿಗುವುದು ಗಂಟೆಗೆ ಸುಮಾರು 55 ಕಿ.ಮೀ. ವೇಗದಲ್ಲಿ. 45 ಡಿಗ್ರಿಯಲ್ಲಿ 39 ಕಿ.ಮೀ. 15 ಡಿಗ್ರಿಯಲ್ಲಿ? 106 ಕಿ.ಮೀ.! ಒತ್ತಡದ ಇಳಿಜಾರು ಒಂದೇ, ಗಾಳಿ ಬೇರೆ. ಕೊರಿಯೊಲಿಸ್ ದುರ್ಬಲವಾದ ಕಡೆ ಸಮ ಮಾಡಲು ಜಾಸ್ತಿ ವೇಗ ಬೇಕಾಗುತ್ತದೆ. ಉಷ್ಣವಲಯದ ನಕ್ಷೆಗಳಲ್ಲಿ ಗೆರೆಗಳು ವಿರಳವಾಗಿದ್ದರೂ ಗಾಳಿ ಚೆನ್ನಾಗಿಯೇ ಬೀಸುವುದು ಇದೇ ಕಾರಣಕ್ಕೆ. ಯುರೋಪಿನ ನಕ್ಷೆ ನೋಡಿ ಅಭ್ಯಾಸವಾದ ಕಣ್ಣು ಇಲ್ಲಿ ಮೋಸ ಹೋಗುತ್ತದೆ.

ನೆದರ್ಲೆಂಡ್ಸಿನ ಬೈಸ್ ಬಲೊಟ್ 1857ರಲ್ಲಿ ಇದನ್ನು ಒಂದು ಸರಳ ನಿಯಮ ಮಾಡಿಕೊಟ್ಟ: ಗಾಳಿಗೆ ಬೆನ್ನು ಮಾಡಿ ನಿಂತರೆ ಉತ್ತರಾರ್ಧ ಗೋಳದಲ್ಲಿ ಕಡಿಮೆ ಒತ್ತಡ ನಿಮ್ಮ ಎಡಗಡೆ. ಅಮೆರಿಕದ ವಿಲಿಯಂ ಫೆರೆಲ್ ಇದನ್ನೇ ಲೆಕ್ಕದಿಂದ ಅವನಿಗಿಂತ ಸ್ವಲ್ಪ ಮೊದಲೇ ಕಂಡುಕೊಂಡಿದ್ದ. ಹೆಸರು ಮಾತ್ರ ಬಲೊಟ್‌ನದೇ ಉಳಿಯಿತು.

ಸಿಂಕಿನ ನೀರು ಸುತ್ತುವುದೂ ಇದರಿಂದಲೇನಾ?

ಅಲ್ಲ. ಸಿಂಕಿನ ಆಕಾರ, ನೀರು ಬಿದ್ದ ರೀತಿ ಅದನ್ನು ಸುತ್ತಿಸುತ್ತವೆ. ಅಷ್ಟು ಚಿಕ್ಕ ಜಾಗದಲ್ಲಿ, ಅಷ್ಟು ಕಡಿಮೆ ಹೊತ್ತಿನಲ್ಲಿ ಕೊರಿಯೊಲಿಸ್ ಲೆಕ್ಕಕ್ಕೇ ಬರುವುದಿಲ್ಲ. ಆದರೆ 1962ರಲ್ಲಿ ಅಮೆರಿಕದ ಆಷರ್ ಶಾಪಿರೊ ದೊಡ್ಡ ತೊಟ್ಟಿಯಲ್ಲಿ ನೀರನ್ನು ಇಡೀ ದಿನ ಅಲುಗಾಡದಂತೆ ಬಿಟ್ಟು, ಆಮೇಲೆ ಮೆಲ್ಲಗೆ ಬಸಿದಾಗ ಅದು ನಿಜಕ್ಕೂ ಗಡಿಯಾರದ ವಿರುದ್ಧ ಸುತ್ತಿತು. ಇಷ್ಟು ತಾಳ್ಮೆ ಇದ್ದರೆ ಕಾಣುತ್ತದೆ. ಕೈ ತೊಳೆಯುವಾಗ ಕಾಣುವುದೆಲ್ಲ ಸುಮ್ನೆ.

ಗಾಳಿ ಬಲಕ್ಕೆ ಹೊರಳುವುದಾದರೆ ಚಂಡಮಾರುತ ಎಡಕ್ಕೆ, ಅಂದರೆ ಗಡಿಯಾರದ ವಿರುದ್ಧ ಸುತ್ತುವುದು ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ ಇರಬೇಕು. ಉತ್ತರ ಒಂದು ಚಿತ್ರದಲ್ಲಿದೆ. ನಡುವೆ ಕಡಿಮೆ ಒತ್ತಡದ ಒಂದು ಚುಕ್ಕಿ ಇಡಿ. ಸುತ್ತ ನಾಲ್ಕು ಕಡೆಯಿಂದ ಚುಕ್ಕಿಯ ಕಡೆಗೆ ಬಾಣ ಬಿಡಿ. ಪ್ರತಿ ಬಾಣವೂ ಸ್ವಲ್ಪ ಬಲಕ್ಕೆ ಹೊರಳಲಿ. ಒಂದೂ ಚುಕ್ಕಿಗೆ ತಾಗುವುದಿಲ್ಲ, ಎಲ್ಲವೂ ಚುಕ್ಕಿಯ ಪಕ್ಕದಿಂದ ಹಾಯುತ್ತವೆ. ಈಗ ನಾಲ್ಕನ್ನೂ ಒಟ್ಟಿಗೆ ನೋಡಿ. ಚುಕ್ಕಿಯನ್ನು ಎಡಗಡೆ ಇಟ್ಟುಕೊಂಡು ಸುತ್ತುತ್ತಿವೆ. ಅದು ಗಡಿಯಾರದ ವಿರುದ್ಧ ದಿಕ್ಕು. ಬಲಕ್ಕೆ ಹೊರಳುವುದು ಬಾಣ, ಎಡಕ್ಕೆ ಸುತ್ತುವುದು ಒಟ್ಟು ಗುಂಪು. ಕಾಗದ ತೆಗೆದು ಬಿಡಿಸಿದರೆ ಒಂದು ನಿಮಿಷದ ಕೆಲಸ, ಓದಿ ತಿಳಿಯುವುದು ಕಷ್ಟ.

ಹೆಚ್ಚು ಒತ್ತಡದ ಜಾಗದಿಂದ ಹೊರಗೆ ಹೋಗುವ ಬಾಣಗಳು ಬಲಕ್ಕೆ ಹೊರಳಿದರೆ ಗಡಿಯಾರದ ದಿಕ್ಕು ಬರುತ್ತದೆ. ದಕ್ಷಿಣಾರ್ಧದಲ್ಲಿ ಎರಡೂ ಉಲ್ಟಾ.

ಚಂಡಮಾರುತದೊಳಗೆ ಗಾಳಿ ಅಷ್ಟು ವೇಗ ಪಡೆಯುವುದು ಹೇಗೆ?

ಅಲ್ಲಿ ಆಟದ ನಿಯಮವೇ ಬದಲಾಗುತ್ತದೆ. ನಡುಬಿಂದುವಿನಿಂದ 30 ಕಿ.ಮೀ. ದೂರದಲ್ಲಿ ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿ.ಮೀ. ಗಾಳಿ ಸುತ್ತುತ್ತಿದೆ ಅನ್ನಿ. ಅಷ್ಟು ಬಿಗಿ ತಿರುವಿನಲ್ಲಿ ಹೊರಕ್ಕೆ ಎಸೆಯುವ ಬಲ, 15 ಡಿಗ್ರಿ ಅಕ್ಷಾಂಶದ ಕೊರಿಯೊಲಿಸ್‌ಗಿಂತ 40 ಪಟ್ಟಿಗೂ ಮಿಕ್ಕಿದ್ದು. ವಾಹನ ರಭಸದಿಂದ ತಿರುಗಿದಾಗ ನಮ್ಮನ್ನು ಬಾಗಿಲ ಕಡೆ ಒತ್ತುತ್ತದಲ್ಲ, ಅದೇ. ಆ ಎಸೆತವನ್ನು ಹಿಡಿದಿಡಲು ಪ್ರತಿ ಕಿಲೋಮೀಟರ್‌ಗೆ ಸುಮಾರು 1 ಹೆಕ್ಟೊಪ್ಯಾಸ್ಕಲ್‌ನಷ್ಟು ಕಡಿದಾದ ಒತ್ತಡದ ಇಳಿಜಾರು ಬೇಕು. ಹಿಂದಿನ ಲೆಕ್ಕದಲ್ಲಿ 1 ಹೆಕ್ಟೊಪ್ಯಾಸ್ಕಲ್‌ಗೆ 75 ಕಿ.ಮೀ. ಇತ್ತು, ನೆನಪಿದೆಯಾ?

ಇನ್ನೊಂದು ಕಾರಣವೂ ಇದೆ. ದೂರದಿಂದ ಸುತ್ತುತ್ತಾ ಬರುವ ಗಾಳಿ ನಡುವಿಗೆ ಹತ್ತಿರವಾದಷ್ಟೂ ಜೋರಾಗಿ ಸುತ್ತುತ್ತದೆ. ಕೈ ಚಾಚಿ ಗಿರಗಿರ ತಿರುಗುವವರು ಕೈ ಒಳಗೆ ಎಳೆದುಕೊಂಡರೆ ವೇಗ ಏರುವ ಹಾಗೆ.

ಸುಂಟರಗಾಳಿಯಲ್ಲಂತೂ ಕೊರಿಯೊಲಿಸ್ ಹೆಸರೇ ಇಲ್ಲ. ಒತ್ತಡ ಮತ್ತು ತಿರುವು, ಇಬ್ಬರದೇ ಕುಸ್ತಿ. 1999ರ ಮೇ 3ರಂದು ಅಮೆರಿಕದ ಓಕ್ಲಹೋಮದಲ್ಲಿ ರೇಡಾರ್ ಅಳೆದ ವೇಗ ಗಂಟೆಗೆ 480 ಕಿ.ಮೀ. ಮೀರಿತ್ತು. ಉಪಕರಣ ನೇರವಾಗಿ ಅಳೆದ ದಾಖಲೆ ಬೇರೆ: 1996ರ ಏಪ್ರಿಲ್ 10ರಂದು ಆಸ್ಟ್ರೇಲಿಯಾದ ಬ್ಯಾರೋ ದ್ವೀಪದಲ್ಲಿ, ಒಲಿವಿಯಾ ಚಂಡಮಾರುತದ ಒಂದು ಹೊಡೆತ ಗಂಟೆಗೆ 408 ಕಿ.ಮೀ. ಅದಕ್ಕೂ ಹಿಂದೆ ದಾಖಲೆ ಇದ್ದದ್ದು ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದ ತುದಿಯದ್ದು, 1934ರಲ್ಲಿ 372 ಕಿ.ಮೀ.

ಹೆಚ್ಚು ಒತ್ತಡದ ಕೇಂದ್ರದಲ್ಲಿ ಮಾತ್ರ ಯಾವಾಗಲೂ ಗಾಳಿ ಕಡಿಮೆ. ಯಾಕೆ?

ಅಲ್ಲಿ ಒತ್ತಡದ ಬಲವೂ ಹೊರಕ್ಕೆ, ತಿರುವಿನ ಎಸೆತವೂ ಹೊರಕ್ಕೆ. ಒಳಕ್ಕೆ ಹಿಡಿಯಲು ಕೊರಿಯೊಲಿಸ್ ಒಬ್ಬನೇ. ಅವನ ಶಕ್ತಿಗೆ ಮಿತಿ ಇದೆ. ಹಾಗಾಗಿ ನಡುವಿನ ಹತ್ತಿರ ಇಳಿಜಾರು ಕಡಿದಾಗಲು ಸಾಧ್ಯವೇ ಇಲ್ಲ. ಕಡಿಮೆ ಒತ್ತಡಕ್ಕೆ ಅಂಥ ಮಿತಿ ಇಲ್ಲ. ‘ಹೆಚ್ಚು ಒತ್ತಡದ ಚಂಡಮಾರುತ’ ಅಂತ ಯಾರೂ ಕೇಳಿರದ ಕಾರಣ ಇದು.

ಸಮಭಾಜಕ ವೃತ್ತದಲ್ಲಿ ಏನಾಗುತ್ತದೆ?

ಕೊರಿಯೊಲಿಸ್ ಸೊನ್ನೆ, ಹಾಗಾಗಿ ಗಾಳಿ ಶಾಲೆಯ ಪಾಠ ಹೇಳಿದ ಹಾಗೆ ಒತ್ತಡದ ಇಳಿಜಾರಿನಲ್ಲೇ ಹರಿಯುತ್ತದೆ. ತಗ್ಗು ಬೇಗ ತುಂಬಿಹೋಗುತ್ತದೆ, ಸುಳಿ ಕಟ್ಟುವುದಿಲ್ಲ. ಸಾಮಾನ್ಯವಾಗಿ 5 ಡಿಗ್ರಿಗಿಂತ ಹತ್ತಿರ ಚಂಡಮಾರುತ ಹುಟ್ಟುವುದಿಲ್ಲ. 2001ರ ಡಿಸೆಂಬರ್‌ನಲ್ಲಿ ವಮೇಯ್ ಅನ್ನುವ ಚಂಡಮಾರುತ ಸಿಂಗಪುರದ ಹತ್ತಿರ, ಸುಮಾರು ಒಂದೂವರೆ ಡಿಗ್ರಿಯಲ್ಲೇ ಕಾಣಿಸಿಕೊಂಡು ಎಲ್ಲರನ್ನೂ ಬೆಚ್ಚಿಬೀಳಿಸಿತು.

ವೃತ್ತವನ್ನು ದಾಟುವ ಗಾಳಿ ಇನ್ನೂ ಚೆಂದ. ನೈರುತ್ಯ ಮುಂಗಾರನ್ನೇ ನೋಡಿ. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಅದು ಆಗ್ನೇಯದಿಂದ ಬೀಸುವ ಗಾಳಿ, ಎಡಕ್ಕೆ ಹೊರಳುತ್ತಾ ಬಂದದ್ದು. ಏಷ್ಯಾದ ಕಾದ ನೆಲ ಎಳೆಯುತ್ತಿದ್ದಂತೆ ಸಮಭಾಜಕ ವೃತ್ತ ದಾಟುತ್ತದೆ. ದಾಟಿದ್ದೇ ತಡ, ಬಲಕ್ಕೆ ಹೊರಳಲು ಶುರು. ಪೂರ್ವ ಆಫ್ರಿಕಾದ ಎತ್ತರದ ನೆಲ ಪಶ್ಚಿಮಕ್ಕೆ ಹೋಗದಂತೆ ಗೋಡೆ ಕಟ್ಟುತ್ತದೆ. ಸೊಮಾಲಿಯಾದ ಕರಾವಳಿ ಪಕ್ಕ ಜೋರು ಹರಿವಾಗಿ, ನೈರುತ್ಯ ದಿಕ್ಕಿನಿಂದ ಅರಬ್ಬಿ ಸಮುದ್ರ ದಾಟಿ ಬರುತ್ತದೆ. ಒಂದೇ ಗಾಳಿ, ವೃತ್ತದ ಎರಡು ಕಡೆ ಎರಡು ಹೆಸರು.

ಉಷ್ಣವಲಯದಲ್ಲಿ ಪೂರ್ವದ ಕಡೆಯಿಂದ ಬಿಡದೆ ಬೀಸುವ ವಾಣಿಜ್ಯ ಮಾರುತಗಳೂ ಹೀಗೆಯೇ?

ಹೌದು. ಎಡ್ಮಂಡ್ ಹ್ಯಾಲಿ (ಧೂಮಕೇತುವಿನ ಹ್ಯಾಲಿಯೇ) 1686ರಲ್ಲಿ ಇವುಗಳ ನಕ್ಷೆ ಮಾಡಿದ. ಅವು ಪೂರ್ವದಿಂದಲೇ ಯಾಕೆ ಬರುತ್ತವೆ ಅನ್ನುವುದಕ್ಕೆ ಅವನು ಕೊಟ್ಟ ಕಾರಣ ಸರಿಯಿರಲಿಲ್ಲ. ಜಾರ್ಜ್ ಹ್ಯಾಡ್ಲಿ 1735ರಲ್ಲಿ ಭೂಮಿಯ ತಿರುಗುವಿಕೆಯನ್ನು ತಂದ. ಸಮಭಾಜಕ ವೃತ್ತದಲ್ಲಿ ನೆಲ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತದೆ, 60 ಡಿಗ್ರಿಯಲ್ಲಿ ಅದರ ಅರ್ಧ. ನಿಧಾನದ ಕಡೆಯಿಂದ ವೇಗದ ಕಡೆಗೆ ಬಂದ ಗಾಳಿ ಹಿಂದೆ ಬೀಳುತ್ತದೆ, ಅದಕ್ಕೆ ಪೂರ್ವದಿಂದ ಬೀಸಿದಂತಾಗುತ್ತದೆ. ಅವನ ಲೆಕ್ಕದಲ್ಲಿ ಕೊರತೆ ಇತ್ತು, ದಾರಿ ಸರಿ ಇತ್ತು.

ನೆಲದ ಘರ್ಷಣೆ ವೇಗ ತಗ್ಗಿಸುತ್ತದೆ, ಸರಿ. ದಿಕ್ಕನ್ನೂ ಬದಲಿಸುತ್ತದಾ?

ಬದಲಿಸುತ್ತದೆ, ಅದೂ ಹಿಂಬಾಗಿಲಿನಿಂದ. ಘರ್ಷಣೆ ಗಾಳಿಯನ್ನು ನಿಧಾನ ಮಾಡುತ್ತದೆ. ನಿಧಾನವಾದರೆ ಕೊರಿಯೊಲಿಸ್ ಎಳೆತ ಕಡಿಮೆ. ಆದರೆ ಒತ್ತಡದ ತಳ್ಳಾಟ ಕಡಿಮೆಯಾಗಿಲ್ಲ. ಸಮತೋಲ ಕೆಟ್ಟು ಗಾಳಿ ಕಡಿಮೆ ಒತ್ತಡದ ಕಡೆಗೆ ಓರೆಯಾಗಿ ನುಗ್ಗುತ್ತದೆ. ನಯವಾದ ಸಮುದ್ರದ ಮೇಲೆ ಈ ಓರೆ ಸಾಮಾನ್ಯವಾಗಿ 10ರಿಂದ 20 ಡಿಗ್ರಿ. ಮರ, ಗುಡ್ಡ, ಕಟ್ಟಡಗಳಿರುವ ನೆಲದ ಮೇಲೆ 30 ಡಿಗ್ರಿ, ಕೆಲವೊಮ್ಮೆ ಇನ್ನೂ ಜಾಸ್ತಿ.

ಈ ಓರೆ ಚಿಕ್ಕದಲ್ಲ. ಹೀಗೆ ಒಳಕ್ಕೆ ನುಗ್ಗಿ ಒಟ್ಟುಗೂಡಿದ ಗಾಳಿಗೆ ಹೋಗಲು ಇರುವುದು ಮೇಲಕ್ಕೆ ಮಾತ್ರ. ಮೇಲೇರಿದರೆ ತಣ್ಣಗಾಗುತ್ತದೆ, ಮೋಡವಾಗುತ್ತದೆ. ವಾಯುಭಾರ ಕುಸಿತ ಅಂದ ಕೂಡಲೇ ಮಳೆ ನೆನಪಾಗುವುದರಲ್ಲಿ ನೆಲದ ಘರ್ಷಣೆಯ ಪಾಲೂ ಇದೆ.

ಸಮುದ್ರದಲ್ಲಿ ಇದೇ ಕಥೆ ತಲೆಕೆಳಗಾಗಿ ನಡೆಯುತ್ತದೆ. 1893ರಲ್ಲಿ ಹೊರಟ ಫ್ರಾಮ್ ಹಡಗಿನಲ್ಲಿ ಆರ್ಕ್ಟಿಕ್ ಹಿಮದ ನಡುವೆ ಸಿಕ್ಕಿಕೊಂಡೇ ಸಾಗಿದ ನಾರ್ವೆಯ ನಾನ್ಸೆನ್ ಒಂದು ವಿಚಿತ್ರ ಕಂಡ. ಹಿಮ ಗಾಳಿಯ ದಿಕ್ಕಿನಲ್ಲಿ ತೇಲದೆ ಅದರ ಬಲಕ್ಕೆ ಓರೆಯಾಗಿ ತೇಲುತ್ತಿತ್ತು. ಸ್ವೀಡನ್ನಿನ ಎಕ್ಮನ್ 1905ರಲ್ಲಿ ಅದಕ್ಕೆ ಲೆಕ್ಕ ಕೊಟ್ಟ. ಗಾಳಿ ನೀರನ್ನು ಎಳೆಯುತ್ತದೆ, ಭೂಮಿಯ ತಿರುಗುವಿಕೆ ಆ ನೀರನ್ನೂ ಬಿಡುವುದಿಲ್ಲ.

ಮೇಲೆ ಹೋದಂತೆ ಗಾಳಿ ಎಷ್ಟು ಜಾಸ್ತಿಯಾಗುತ್ತದೆ?

ನೆಲದ ಹಿಡಿತ ಸುಮಾರು ಒಂದು ಕಿಲೋಮೀಟರ್ ಎತ್ತರದವರೆಗೆ ಇರುತ್ತದೆ. ಬಿಸಿಲಿನ ಮಧ್ಯಾಹ್ನ ಇನ್ನೂ ಮೇಲಕ್ಕೆ, ರಾತ್ರಿ ಅದಕ್ಕಿಂತ ತುಂಬಾ ಕೆಳಗೆ. ಬಯಲು ಜಾಗಕ್ಕೆ ಒಂದು ಅಂದಾಜು ಇದೆ: 10 ಮೀಟರ್‌ನಲ್ಲಿ ಇರುವ ವೇಗಕ್ಕಿಂತ 100 ಮೀಟರ್‌ನಲ್ಲಿ ಸುಮಾರು ಶೇ. 40 ಜಾಸ್ತಿ. ಹವಾಮಾನ ಕೇಂದ್ರಗಳು ಎಲ್ಲ ಕಡೆ 10 ಮೀಟರ್ ಎತ್ತರದಲ್ಲೇ ಅಳೆಯುವುದು ಇದಕ್ಕೇ, ಇಲ್ಲದಿದ್ದರೆ ಒಂದು ಊರಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವುದೇ ಆಗುವುದಿಲ್ಲ.

ಸಂಜೆ ಆಗುತ್ತಿದ್ದಂತೆ ಗಾಳಿ ನಿಂತುಹೋಗುತ್ತದಲ್ಲ, ಯಾಕೆ?

ನಿಂತಿರುವುದಿಲ್ಲ, ಮೇಲೆ ಹೋಗಿರುತ್ತದೆ. ಹಗಲು ಕಾದ ನೆಲ ಗಾಳಿಯನ್ನು ಕುದಿಯುವ ನೀರಿನಂತೆ ಮೇಲೆ ಕೆಳಗೆ ಮಾಡುತ್ತಿರುತ್ತದೆ. ಮೇಲಿನ ವೇಗದ ಗಾಳಿ ಆ ಬೆರಕೆಯಲ್ಲಿ ಕೆಳಗೂ ಬರುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲ ತಣ್ಣಗಾಗಿ, ಅದಕ್ಕೆ ಅಂಟಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಕೂತುಬಿಡುತ್ತದೆ. ಬೆರಕೆ ನಿಂತಿತು. ಕೆಳಗೆ ಎಲೆ ಅಲುಗುವುದಿಲ್ಲ. ಅದೇ ಹೊತ್ತಿಗೆ ಕೆಲವು ನೂರು ಮೀಟರ್ ಮೇಲೆ, ನೆಲದ ಹಿಡಿತ ತಪ್ಪಿಸಿಕೊಂಡ ಗಾಳಿ ಹಗಲಿಗಿಂತ ಜೋರಾಗಿ ಓಡುತ್ತಿರಬಹುದು. ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ‘ಇದ್ದಕ್ಕಿದ್ದಂತೆ’ ಗಾಳಿ ಎದ್ದರೆ, ಅದು ಎದ್ದದ್ದಲ್ಲ, ಇಳಿದದ್ದು.

ಬಿಟ್ಟು ಬಿಟ್ಟು ಹೊಡೆಯುವ ರಭಸಕ್ಕೂ ಇದೇ ಕಾರಣ. ಮೇಲಿನ ಗಾಳಿಯ ತುಣುಕುಗಳು ಕೆಳಗೆ ಬಿದ್ದಾಗ ಒಂದು ಹೊಡೆತ, ಆಮೇಲೆ ಬಿಡುವು. ಗುಡುಗು ಮಳೆಯ ಮುಂದೆ ಬರುವ ತಂಪು ಹೊಡೆತ ಬೇರೆ ಬಗೆಯದು, ಅದು ಮಳೆಯ ಜೊತೆ ಮೋಡದಿಂದಲೇ ಕುಸಿದು ನೆಲದ ಮೇಲೆ ಹರಡಿದ ಭಾರದ ಗಾಳಿ.

ಹತ್ತು ಕಿಲೋಮೀಟರ್ ಮೇಲೆ ಹೊಳೆಯಂತೆ ಓಡುವ ಗಾಳಿ, ಜೆಟ್ ಸ್ಟ್ರೀಮ್, ಅಷ್ಟು ಜೋರು ಯಾಕೆ?

ಬಿಸಿ ಗಾಳಿಯ ಕಂಬ ಉದ್ದ, ತಂಪು ಗಾಳಿಯದು ಗಿಡ್ಡ. ಕಡಲ ಗಾಳಿಯಲ್ಲಿ ನೋಡಿದ್ದೇ. ಈಗ ಅದನ್ನು ಉಷ್ಣವಲಯದಿಂದ ಧ್ರುವದವರೆಗೆ ಹಿಗ್ಗಿಸಿ. ನೆಲದಲ್ಲಿ ಎರಡೂ ಕಡೆ ಒತ್ತಡ ಒಂದೇ ಇದ್ದರೂ, ಮೇಲೇರಿದಷ್ಟೂ ಬಿಸಿ ಕಡೆಯ ಒತ್ತಡ ನಿಧಾನವಾಗಿ, ತಂಪು ಕಡೆಯದು ಬೇಗ ಇಳಿಯುತ್ತದೆ. ಅಂತರ ಪ್ರತಿ ಮೆಟ್ಟಿಲಿಗೂ ಬೆಳೆಯುತ್ತದೆ. 9ರಿಂದ 12 ಕಿ.ಮೀ. ಎತ್ತರಕ್ಕೆ ಬರುವಷ್ಟರಲ್ಲಿ ಇಳಿಜಾರು ಭಾರೀ ಕಡಿದು, ಘರ್ಷಣೆ ಇಲ್ಲವೇ ಇಲ್ಲ ಅನ್ನುವಷ್ಟು. ಕೊರಿಯೊಲಿಸ್ ಅದನ್ನು ಪೂರ್ವಕ್ಕೆ ತಿರುಗಿಸುತ್ತದೆ. ಗಂಟೆಗೆ 200 ಕಿ.ಮೀ. ಅಲ್ಲಿ ಮಾಮೂಲು. ವಿಮಾನ ಪೂರ್ವಕ್ಕೆ ಹೋಗುವಾಗ ಬೇಗ ತಲುಪಿ, ವಾಪಸ್ ಬರುವಾಗ ತಡವಾಗುವುದು ಇದರಿಂದ. ಚಳಿಗಾಲದಲ್ಲಿ ತಾಪದ ಅಂತರ ದೊಡ್ಡದು, ಜೆಟ್ ಕೂಡ ಜೋರು.

ಇದನ್ನು ಬಲೂನು ಹಾರಿಬಿಟ್ಟು ಮೊದಲು ಅಳೆದವರಲ್ಲಿ ಜಪಾನಿನ ವಾಸಬುರೊ ಓಯಿಶಿ ಒಬ್ಬ, 1920ರ ದಶಕದಲ್ಲಿ. ಜಗತ್ತಿಗೆಲ್ಲ ತಿಳಿಯಲಿ ಅಂತ ಎಲ್ಲ ದೇಶದವರಿಗೂ ಒಂದೇ ಇರಲಿ ಅಂತ ಕಟ್ಟಿದ ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದ. ಹಾಗಾಗಿಯೇ ಯಾರೂ ಓದಲಿಲ್ಲ, ಪಾಪ.

ಬೆಟ್ಟ ಗುಡ್ಡಗಳು ಏನು ಮಾಡುತ್ತವೆ?

ತಡೆಯುತ್ತವೆ, ತಿರುಗಿಸುತ್ತವೆ, ಕಿರಿದಾದ ಸಂದಿನಲ್ಲಿ ಹಿಂಡುತ್ತವೆ. ಫ್ರಾನ್ಸಿನ ರೋನ್ ಕಣಿವೆಯಲ್ಲಿ ಹಿಂಡಿಸಿಕೊಂಡು ಬರುವ ತಂಪು ಗಾಳಿಗೆ ಮಿಸ್ಟ್ರಾಲ್ ಎಂಬ ಹೆಸರೇ ಇದೆ. ಬೆಟ್ಟದ ಮೇಲೆ ಹಗಲು ಗಾಳಿ ಇಳಿಜಾರು ಹತ್ತುತ್ತದೆ, ರಾತ್ರಿ ಇಳಿಯುತ್ತದೆ.

ಗುರುತ್ವ ಪೂರ್ತಿ ಅಧಿಕಾರ ಹಿಡಿಯುವುದು ಅಂಟಾರ್ಕ್ಟಿಕಾದಲ್ಲಿ. ಎತ್ತರದ ಹಿಮದ ಮೇಲೆ ಕೊರೆದು ಭಾರವಾದ ಗಾಳಿ ಕರಾವಳಿಗೆ ನೀರಿನಂತೆ ಇಳಿಯುತ್ತದೆ. ಡಗ್ಲಸ್ ಮಾಸನ್ ನೇತೃತ್ವದ ತಂಡ 1912ರಿಂದ ಕೇಪ್ ಡೆನಿಸನ್‌ನಲ್ಲಿ ಬೀಡುಬಿಟ್ಟಿತ್ತು. ಅಲ್ಲಿ ಗಾಳಿಯ ವರ್ಷದ ಸರಾಸರಿಯೇ ಗಂಟೆಗೆ 70 ಕಿ.ಮೀ. ಸುಮಾರು. ಗಾಳಿಗೆ ಮೈಯೊಡ್ಡಿ, ಮುಂದಕ್ಕೆ ಬಾಗಿ ನಡೆಯುವುದೇ ಅವರಿಗೆ ರೂಢಿಯಾಗಿತ್ತು.

‘ಪಶ್ಚಿಮದ ಗಾಳಿ’ ಅಂದರೆ ಪಶ್ಚಿಮಕ್ಕೆ ಹೋಗುವುದಾ?

ಪಶ್ಚಿಮದಿಂದ ಬರುವುದು. ಗಾಳಿಗೆ ಯಾವಾಗಲೂ ಬಂದ ಕಡೆಯ ಹೆಸರು. ಡಿಗ್ರಿಯಲ್ಲಿ ಹೇಳಿದರೆ ಪೂರ್ವದಿಂದ ಬಂದದ್ದು 90, ದಕ್ಷಿಣದಿಂದ 180, ಪಶ್ಚಿಮದಿಂದ 270, ಉತ್ತರದಿಂದ 360. ಸಾಗರದ ಪ್ರವಾಹಗಳಿಗೆ ಮಾತ್ರ ಹೋಗುವ ಕಡೆಯ ಹೆಸರು ಹೇಳುತ್ತಾರೆ, ಜನರನ್ನು ಗೊಂದಲಕ್ಕೆ ಹಾಕಲೆಂದೇ ಇರಬೇಕು. ವೇಗಕ್ಕೆ ಸೆಕೆಂಡಿಗೆ ಮೀಟರ್ ಕೊಟ್ಟಿದ್ದರೆ 3.6ರಿಂದ, ನಾಟ್ ಕೊಟ್ಟಿದ್ದರೆ 1.852ರಿಂದ ಗುಣಿಸಿ. ಗಂಟೆಗೆ ಕಿಲೋಮೀಟರ್ ಸಿಗುತ್ತದೆ.

ವೇಗ ಎರಡು ಪಟ್ಟಾದರೆ ಹೊಡೆತವೂ ಎರಡು ಪಟ್ಟಾ?

ನಾಲ್ಕು ಪಟ್ಟು. ಗಾಳಿ ಯಂತ್ರಕ್ಕೆ ಸಿಗುವ ಶಕ್ತಿಯಂತೂ ಎಂಟು ಪಟ್ಟು. ಗಂಟೆಗೆ 60 ಕಿ.ಮೀ. ಗಾಳಿಗೆ ತಡೆದುಕೊಂಡ ಚಾವಣಿ 120ಕ್ಕೆ ಎದ್ದುಹೋದರೆ ಆಶ್ಚರ್ಯವಿಲ್ಲ. ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬೋಫರ್ಟ್ 1805ರಲ್ಲಿ ಶುರು ಮಾಡಿದ ಅಳತೆಯಲ್ಲಿ ಕೊನೆಯ ಮೆಟ್ಟಿಲು 12, ಅದು ಈಗಿನ ಲೆಕ್ಕದಲ್ಲಿ 118 ಕಿ.ಮೀ.ನಿಂದ ಮೇಲೆ. 3ನೇ ಮೆಟ್ಟಿಲಿನಲ್ಲಿ ಎಲೆಗಳು ಬಿಡದೆ ಅಲುಗುತ್ತವೆ, 6ರಲ್ಲಿ ಕೊಡೆ ಹಿಡಿಯುವುದು ಕಷ್ಟ. ಉಪಕರಣ ಇಲ್ಲದವರಿಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ.

ಇದನ್ನೆಲ್ಲ ನಾನೇ ನೋಡಬಹುದಾ?

ಮೋಡ ಚೆದುರಿರುವ ದಿನ ತೆರೆದ ಜಾಗಕ್ಕೆ ಹೋಗಿ. ಒಂದು ಕೋಲಿನ ತುದಿಗೆ ಅರ್ಧ ಮೀಟರ್ ದಾರ ಕಟ್ಟಿ ಎತ್ತಿ ಹಿಡಿಯಿರಿ. ದಾರ ಹಾರುವ ದಿಕ್ಕಿಗೆ ಮುಖ ಮಾಡಿ, ಅಂದರೆ ಗಾಳಿಗೆ ಬೆನ್ನು. ಈಗ ತಲೆ ಎತ್ತಿ ಕೆಳಮಟ್ಟದ ಮೋಡಗಳು ಎತ್ತ ಹೋಗುತ್ತಿವೆ ನೋಡಿ. ಓಲಾಡುವ ತಲೆಗೆ ಮೋಸವಾಗುತ್ತದೆ, ಅದಕ್ಕೆ ಒಂದು ಕಂಬದ ತುದಿಯನ್ನು ಗುರುತಿಟ್ಟುಕೊಳ್ಳಿ. ಉತ್ತರಾರ್ಧ ಗೋಳದಲ್ಲಿ ಎಷ್ಟೋ ದಿನ ಮೋಡಗಳು ದಾರಕ್ಕಿಂತ ಬಲಕ್ಕೆ, 20ರಿಂದ 30 ಡಿಗ್ರಿಯಷ್ಟು ಓರೆಯಾಗಿ ಸಾಗುತ್ತಿರುತ್ತವೆ. ಮೋಡದ ದಾರಿ ಒತ್ತಡ ಮತ್ತು ಕೊರಿಯೊಲಿಸ್‌ನ ಒಪ್ಪಂದ. ದಾರ ತೋರಿಸಿದ್ದು ಅದರಲ್ಲಿ ನೆಲವೂ ಕೈ ಹಾಕಿದ ಮೇಲಿನದು. ಮೋಡ ಹೋಗುವ ಕಡೆಗೇ ತಿರುಗಿ ನಿಂತು ಎಡಗೈ ನೇರವಾಗಿ ಪಕ್ಕಕ್ಕೆ ಚಾಚಿ. ಕಡಿಮೆ ಒತ್ತಡ ಹೆಚ್ಚುಕಮ್ಮಿ ಆ ಕಡೆಗಿದೆ. ಕಡಲ ತೀರ, ಬೆಟ್ಟದ ಬುಡ ಆದರೆ ಬೇಡ, ಅಲ್ಲಿಯ ಗಾಳಿಗೆ ಅದರದೇ ಕೆಲಸ ಇರುತ್ತದೆ. ಬಯಲಾದರೆ ಒಳ್ಳೆಯದು. ಮನೆಗೆ ಬಂದು ಆ ದಿನದ ಹವಾಮಾನ ನಕ್ಷೆ ತೆಗೆದು ತಾಳೆ ನೋಡಿ.